ಆಫೀಸಿನ ಕಾರ್ಡು, ಊರಿನ ಕಾರ್ಡು

ದಾವಣಗೆರೆ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ದೊಡ್ಡಮ್ಮನ ಮೊಣಕಾಲು ನೋವು ಹಾಗೇ ಇದೆ, ನನ್ನ ಮೇಲಿನ ರೇಗಾಟ ಮಾತ್ರ ಜಾಸ್ತಿಯಾಗಿದೆ.

ಮೊನ್ನೆ ಫೋನಿನಲ್ಲಿ ನೀನು, ಆಫೀಸಿನವರು ಐದು ಲಕ್ಷದ ಇನ್ಶೂರೆನ್ಸ್ ಕೊಟ್ಟಿದ್ದಾರೆ, ಅಪ್ಪ ಅಮ್ಮನ್ನೂ ಸೇರಿಸಿದ್ದೀನಿ, ಇನ್ನು ಅಪ್ಪ ಸರ್ಕಾರಿ ಆಸ್ಪತ್ರೆ ಕಡೆ ತಲೆ ಹಾಕೋದು ಬೇಡ ಅಂದೆ. ಸೇರಿಸಿದ್ದು ಬಹಳ ಒಳ್ಳೆಯ ಕೆಲಸ. ಕೊನೆಯ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂತ ಇಟ್ಟುಬಿಡ್ತೀಯ. ಅದಕ್ಕೇ ಈ ಕಾಗದ.

ನಾನು ಇಡೀ ಸರ್ವಿಸ್ ಕಳೆದದ್ದು ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ. ಅಲ್ಲಿಂದ ನೋಡಿದರೆ ಕಾಯಿಲೆ ಬೇರೆ ಥರ ಕಾಣುತ್ತದೆ. ಹಾಸಿಗೆ ಹಿಡಿದು ಅಡ್ಮಿಟ್ ಆಗುವವರು ಕಡಿಮೆ. ಶುಗರ್, ಬಿಪಿ ಮಾತ್ರೆಗೆ ತಿಂಗಳು ತಿಂಗಳು ಚೀಟಿ ಹಿಡಿದು ಬರುವವರೇ ಹೆಚ್ಚು. ನಿಮ್ಮಪ್ಪನೂ ಅದೇ ಸಾಲಿನವನು. ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದು ಅಡ್ಮಿಟ್ ಆದಾಗ, ಇಲ್ಲವೇ ಕಣ್ಣಿನ ಪೊರೆ ತೆಗೆಯುವಂಥ ಒಂದೇ ದಿನದ ಆಪರೇಷನ್‌ಗೆ. ದಿನಾ ನುಂಗುವ ಮೆಟ್‌ಫಾರ್ಮಿನ್, ಅಮ್ಲೋಡಿಪಿನ್ ಮಾತ್ರೆಗೆ ಬಹುಪಾಲು ಪಾಲಿಸಿಗಳಲ್ಲಿ ಒಂದು ಪೈಸೆ ಇಲ್ಲ. ಅವು ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ದುಡ್ಡಿಲ್ಲದೆ ಸಿಗುತ್ತವೆ. ಮಾತ್ರೆ ಸರಿಯಾಗಿ ತಗೊಂಡು, ಶುಗರ್ ಚೆಕ್ ಮಾಡಿಸುತ್ತಿದ್ದರೆ ಅಡ್ಮಿಟ್ ಆಗುವ ಪ್ರಸಂಗವೂ ಕಡಿಮೆ. ಅವನನ್ನು ಆ ಕ್ಯೂನಿಂದ ಬಿಡಿಸಬೇಡ. ಹೊರಗೆ ಕೊಳ್ಳುವುದೇ ಆದರೆ ಕಡಿಮೆ ಬೆಲೆಯ ಜನೌಷಧಿ ಅಂಗಡಿ ಇದೆ.

ಇನ್ನು ದೊಡ್ಡ ಕಾಯಿಲೆಯ ವಿಚಾರ. ಖಾಸಗಿ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದು ನಿನಗೆ ಏನೇನು ಕಾಯಿಲೆ ಇದೆ ಅಂತ. ಗಟ್ಟಿಮುಟ್ಟಾಗಿದ್ದವರಿಗೆ ಕಡಿಮೆ ಪ್ರೀಮಿಯಂ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಜಾಸ್ತಿ, ಇಲ್ಲವೇ ಪಾಲಿಸಿಯೇ ಇಲ್ಲ. ಕಂಪನಿ ಕೆಟ್ಟದ್ದು ಅಂತಲ್ಲ, ಆ ವ್ಯವಹಾರ ನಡೆಯುವುದೇ ಹಾಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೂರಲು ಬೆಂಚು ಸಿಗದೆ ಇರಬಹುದು, ಸ್ಕ್ಯಾನಿಂಗಿಗೆ ದೂರದ ತಾರೀಖು ಕೊಡಬಹುದು. ಇದನ್ನೆಲ್ಲ ನಾನು ಮುಚ್ಚಿಡುವುದಿಲ್ಲ. ಆದರೆ ನಿನಗೆ ಹಳೇ ಶುಗರ್ ಇದೆ, ಮೂರು ವರ್ಷ ಬಿಟ್ಟು ಬಾ ಅಂತ ಇಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಯಾರೂ ಹೇಳುವುದಿಲ್ಲ.

ಆಫೀಸಿನ ಪಾಲಿಸಿಯಲ್ಲಿ ಹಳೇ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಸಂತೋಷ. ಆದರೆ ಅದು ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಬಿಟ್ಟ ದಿನ ಅದೂ ಬಿಟ್ಟು ಹೋಗುತ್ತದೆ. ನಿಮ್ಮ ಲೈನಿನಲ್ಲಿ ಈಗ ಜನರನ್ನು ಹೇಗೆ ಕೆಲಸದಿಂದ ತೆಗೆಯುತ್ತಿದ್ದಾರೆ ಅಂತ ಪೇಪರಿನಲ್ಲಿ ನಾವೂ ಓದ್ತೀವಿ, ಅಲ್ವಾ? ಆದ್ದರಿಂದ ನಿನ್ನ ಹೆಸರಿನಲ್ಲಿ ಬೇರೆ ಒಂದು ಪಾಲಿಸಿ ಈಗಲೇ ಮಾಡಿಸು. ಇಪ್ಪತ್ತಾರು ವರ್ಷಕ್ಕೆ ಕಾಯಿಲೆ ಇಲ್ಲದಿರುವಾಗ ಮಾಡಿಸಿದರೆ ಕಾಯುವ ಅವಧಿಯೆಲ್ಲ ಕಾಯಿಲೆ ಬರುವ ಮುಂಚೆಯೇ ಕಳೆದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿಯನ್ನೂ ತೆಗೆದಿದ್ದಾರೆ.

ಮಾಡಿಸುವಾಗ ಏಜೆಂಟನ ಮಾತಿಗಿಂತ ಕಾಗದ ಓದು. ರೂಮ್ ಬಾಡಿಗೆಗೆ ಮಿತಿ ಇದೆಯಾ ನೋಡು, ಜನ ಮೋಸ ಹೋಗುವುದು ಅಲ್ಲೇ. ದಿನಕ್ಕೆ 5,000 ರೂಪಾಯಿ ಮಿತಿ ಇದ್ದು ನೀನು 8,000ದ ರೂಮ್ ಹಿಡಿದೆ ಅಂತಿಟ್ಟುಕೋ. ಮೇಲಿನ 3,000 ಕೈಯಿಂದ ಕೊಟ್ಟರೆ ಆಯಿತು ಅಂದುಕೊಳ್ಳುತ್ತಾರೆ. ಇಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಖರ್ಚನ್ನೂ ಅದೇ ಲೆಕ್ಕದಲ್ಲಿ ಕತ್ತರಿಸಬಹುದು. ಅಂಥ ಖರ್ಚು 1,60,000 ಆಗಿದ್ದರೆ ಕೈಗೆ ಬರುವುದು ಒಂದೇ ಲಕ್ಷ. ಆಮೇಲೆ, ಏನಾದರೂ ಕಾಯಿಲೆ ಇದ್ದರೆ ಮುಚ್ಚಿಡಬೇಡ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳಿಗಿಂತ ಹೆಚ್ಚು ಕಾಯಿಸುವ ಹಾಗಿಲ್ಲ ಅಂತ 2024ರಲ್ಲಿ ನಿಯಮ ಬಂದಿದೆ. ಹೇಳಿ ಕಾಯುವುದು ವಾಸಿ. ಮುಚ್ಚಿಟ್ಟರೆ ಕ್ಲೇಮ್ ದಿನ ಹಳೇ ಚೀಟಿ ಹುಡುಕಿ ತೆಗೆಯುತ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು ನಿಮ್ಮ ಮನೆಯ ರೇಷನ್ ಕಾರ್ಡಿನ ಬಗ್ಗೆ. ಅದು ಬಿಪಿಎಲ್. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಪ್ರೀಮಿಯಂ ಇಲ್ಲ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಆ ಕಾರ್ಡಿನಲ್ಲಿ ನಿನ್ನ ಹೆಸರು ಇನ್ನೂ ಇದೆ. ನೀನು ಆದಾಯ ತೆರಿಗೆ ಕಟ್ಟುತ್ತೀಯ. ಮನೆಯಲ್ಲಿ ತೆರಿಗೆ ಕಟ್ಟುವವರಿದ್ದರೆ ಬಿಪಿಎಲ್ ಇಲ್ಲ, ಇದು ನಿಯಮ. ನೀನು ಬೆಂಗಳೂರಿನಲ್ಲಿ ಬೇರೆ ಮನೆ ಮಾಡಿಕೊಂಡಿದ್ದೀಯ. ಇದ್ದದ್ದನ್ನು ಇದ್ದ ಹಾಗೆ ಜಗಳೂರಿನ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಹೇಳಿ, ಕಾರ್ಡನ್ನು ಸರಿ ಮಾಡಿಸಿಕೋ. ಸುಳ್ಳು ಹೇಳಿ ಉಳಿಸಿಕೊಳ್ಳುವುದು ಬೇಡ. ಹಾಗಂತ ಅದು ರದ್ದಾಗಿದೆ ಅಂತ ಆಸ್ಪತ್ರೆ ಬಾಗಿಲಲ್ಲಿ ನಿಮ್ಮಪ್ಪನಿಗೆ ಗೊತ್ತಾಗುವುದೂ ಬೇಡ. ಒಂದು ವೇಳೆ ಎಪಿಎಲ್ ಆಗಿಯೇಬಿಟ್ಟರೆ, ಅವನು ಕೃಷಿ ಪತ್ತಿನ ಸಂಘದ ಸದಸ್ಯ, ಸಹಕಾರ ಸಂಘದವರಿಗೆ ಯಶಸ್ವಿನಿ ಅನ್ನೋ ಆರೋಗ್ಯ ಯೋಜನೆ ಇದೆ. ಅದರಲ್ಲೂ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ನೋಂದಣಿಗೆ ಕೊನೆಯ ದಿನ ಇರುತ್ತದೆ. ಮನೆಯಲ್ಲಿ ಬೇರೆ ಇನ್ಶೂರೆನ್ಸ್ ಇದ್ದವರಿಗೆ ಸಿಗುತ್ತದೋ ಇಲ್ಲವೋ ಅಂತ ಸಂಘದ ಸೆಕ್ರೆಟರಿಯ ಹತ್ತಿರ ಮೊದಲೇ ಕೇಳಿಕೊಳ್ಳಲಿ.

ಆರೋಗ್ಯ ಕರ್ನಾಟಕದಲ್ಲೂ ಒಂದು ದಾರಿ ಇದೆ, ಅದು ಗೊತ್ತಿಲ್ಲದೆ ಜನ ಕಳೆದುಕೊಳ್ಳುತ್ತಾರೆ. ತುರ್ತು ಇದ್ದರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂತಾದರೆ ಅವರೇ ರೆಫರಲ್ ಬರೆದುಕೊಡುತ್ತಾರೆ. ಆ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆದರೆ ಪೂರ್ತಿ ಬಿಲ್ಲು ನಮ್ಮದೇ. ಎದೆನೋವು ಬಂದರಂತೂ ಬೆಂಗಳೂರಿಗೆ ಕರೆದುಕೊಂಡು ಬಾ ಅಂತ ನೀನು ಅಲ್ಲಿಂದ ಹಟ ಮಾಡಬೇಡ. ನೂರಾರು ಕಿಲೋಮೀಟರ್ ದಾರಿ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಅನ್ನೋ ದುಬಾರಿ ಇಂಜೆಕ್ಷನ್ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ 2023ರಿಂದ ಅದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಿದ್ದಾರೆ.

ನಿನ್ನ ಜೊತೆ ಕೆಲಸ ಮಾಡುವವರು ಇಂಗ್ಲೆಂಡಿನಲ್ಲಿ ಎಲ್ಲ ಫ್ರೀ ಅಂತಾರೆ ಅಂದೆಯಲ್ಲ. ಫ್ರೀ ಅಲ್ಲ, ತೆರಿಗೆಯಲ್ಲಿ ಮೊದಲೇ ಕಟ್ಟಿರುತ್ತಾರೆ. 1948ರಲ್ಲಿ ಅವರು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಶುರು ಮಾಡಿದರು. ಅದೇ ವರ್ಷ ನಮ್ಮಲ್ಲಿ ಕಾರ್ಮಿಕರ ವಿಮೆಯ ಇಎಸ್‌ಐ ಕಾಯ್ದೆ ಬಂತು. ಈ ಊರಿನ ಕಾಟನ್ ಮಿಲ್ಲುಗಳ ಎಷ್ಟೋ ಕಾರ್ಮಿಕರ ಮನೆಗೆ ಆಸರೆಯಾದದ್ದು ಆ ಇಎಸ್‌ಐಯೇ. ಕ್ಯೂ ಇಂಗ್ಲೆಂಡಿನಲ್ಲಿಯೂ ತಪ್ಪಿಲ್ಲ. ಡಾಕ್ಟರು ಕಳಿಸಿದ ರೋಗಿಗಳಲ್ಲಿ ನೂರಕ್ಕೆ 92 ಜನರಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವ ಗುರಿಯನ್ನು ಇಂಗ್ಲೆಂಡಿನವರು 2016ರ ನಂತರ ಮುಟ್ಟಿಲ್ಲ. ಆದರೂ ಆಸ್ಪತ್ರೆ ಬಿಲ್ಲಿಗೆ ಹೊಲ ಮಾರಿದರು ಅನ್ನುವ ಮಾತು ಅಲ್ಲಿ ಕೇಳಿಬರುವುದಿಲ್ಲ. ನಮ್ಮ ಕಡೆ ಪ್ರತಿ ಹಳ್ಳಿಯಲ್ಲೂ ಅಂಥ ಒಂದು ಮನೆ ಸಿಗುತ್ತದೆ.

ಹಬ್ಬಕ್ಕೆ ಬಂದಾಗ ಆಫೀಸಿನ ಪಾಲಿಸಿಯ ಪೂರ್ತಿ ಕಾಗದ ಪ್ರಿಂಟ್ ತಗೊಂಡು ಬಾ, ಮೊಬೈಲಿನಲ್ಲಿ ತೋರಿಸಬೇಡ, ನನಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ. ರೇಷನ್ ಕಾರ್ಡಿನ ವಿಚಾರ ಹಬ್ಬದವರೆಗೆ ಇಟ್ಟುಕೊಳ್ಳಬೇಡ, ಈ ವಾರವೇ ಅಪ್ಪನ ಹತ್ತಿರ ಮಾತಾಡು.

ಇಂತಿ ನಿನ್ನ
ದೊಡ್ಡಪ್ಪ