ಚಾರ್ಜ್ ಆಗದಿದ್ದರೆಲ್ಲ ಮದರ್‌ಬೋರ್ಡ್ ಹೋಯಿತೆಂದೇನಲ್ಲ

ಮಾನ್ಯ ಸಂಪಾದಕರೇ,

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟಿನ ಜೊತೆಗೆ ಲ್ಯಾಪ್‌ಟಾಪುಗಳೂ ಮಲಗುತ್ತವೆ. ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರು, ಆನ್‌ಲೈನ್ ತರಗತಿಗಳನ್ನು ನಂಬಿಕೊಂಡು ಓದುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಈಗ ಕಡಿಮೆಯೇನಿಲ್ಲವಾದ್ದರಿಂದ, ‘ಪ್ಲಗ್ ಹಾಕಿದರೂ ಚಾರ್ಜ್ ಆಗುತ್ತಿಲ್ಲ’ ಎಂಬ ದೂರನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಈ ಬಾರಿ ಅದು ನಮ್ಮ ಮನೆಗೂ ಬಂತು. ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಒಯ್ದಾಗ, ಅಲ್ಲಿದ್ದವರು ಒಮ್ಮೆ ಗುಂಡಿ ಒತ್ತಿ ನೋಡಿ, ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ಹೋಗಿದೆ, ಒಂಬತ್ತು ಸಾವಿರ ಆಗುತ್ತದೆ ಎಂದರು. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ನನ್ನ ಸೋದರಳಿಯ ಅದೇ ಸಂಜೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು, ಅಡಾಪ್ಟರಿನ ತುದಿಯಲ್ಲಿ 19.5 ವೋಲ್ಟ್ ಬರಬೇಕಾದಲ್ಲಿ ಸೊನ್ನೆ ಇರುವುದನ್ನು ತೋರಿಸಿದ. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ.

ನಮ್ಮ ಕಡೆ ಇಂಥದ್ದಕ್ಕೆಲ್ಲ ‘ಲೋ ವೋಲ್ಟೇಜ್’ ಕಾರಣವೆಂದು ಹೇಳುವುದು ರೂಢಿಯಾಗಿಬಿಟ್ಟಿದೆ. ಆದರೆ ಅಡಾಪ್ಟರಿನ ಬೆನ್ನಿನ ಮೇಲೆ ಸಾಮಾನ್ಯವಾಗಿ ‘ಇನ್‌ಪುಟ್ 100–240 ವೋಲ್ಟ್’ ಎಂದು ಅಚ್ಚಾಗಿರುತ್ತದೆ. ತೋಟದ ಪಂಪ್‌ಸೆಟ್ ಏಳದ 160 ವೋಲ್ಟಿನಲ್ಲೂ ಅದು ತನ್ನ ಕೆಲಸ ಮಾಡಿಕೊಂಡಿರುತ್ತದೆ. ಅದನ್ನು ಸುಡುವುದು ಏರುವ ವೋಲ್ಟೇಜು. ಗಾಳಿಗೆ ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ, 230 ವೋಲ್ಟ್ ಬರಬೇಕಾದ ಮನೆಗೆ 400ರ ಸಮೀಪದ ವೋಲ್ಟೇಜ್ ನುಗ್ಗಬಹುದು. ಸಿಡಿಲಿನ ಮಾತು ಬೇರೆಯೇ. ಗುಡುಗು ಶುರುವಾದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಅಡಾಪ್ಟರಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿ, ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುತ್ತದೆ ಎಂದು ದೂರುವವರು ಮೊದಲು ಆ ಕನ್ವರ್ಟರನ್ನು ಬಿಟ್ಟು, ಮನೆಯ ಅರ್ಥಿಂಗ್ ನೋಡಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಶತ್ರು ತೇವ. ಬಟ್ಟೆ ಒಣಗದ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಮನೆಯಲ್ಲಿ ಚಾರ್ಜಿಂಗ್ ಪೋರ್ಟಿನ ಪಿನ್ನುಗಳಿಗೆ ಕಿಲುಬು ಹತ್ತುವುದರಲ್ಲಿ ಆಶ್ಚರ್ಯವಿಲ್ಲ. ಲ್ಯಾಪ್‌ಟಾಪ್ ಆರಿಸಿ, ಪ್ಲಗ್ ತೆಗೆದು, ಟಾರ್ಚ್ ಹಿಡಿದು ಒಳಗೆ ನೋಡಿದರೆ ಹಸಿರು ಕಲೆಯೋ ದೂಳಿನ ಉಂಡೆಯೋ ಕಾಣುತ್ತದೆ. ದೂಳನ್ನು ಒಣ ಮರದ ಕಡ್ಡಿಯಿಂದ ಹಗುರವಾಗಿ ತೆಗೆಯಬಹುದು, ಸೂಜಿ ಮಾತ್ರ ಬೇಡ. ಒಣಗಲೆಂದು ಬಚ್ಚಲ ಒಲೆಯ ಪಕ್ಕ ಇಡುವವರನ್ನೂ ನೋಡಿದ್ದೇನೆ. ಲಿಥಿಯಂ ಬ್ಯಾಟರಿ ಸುಮಾರು 45 ಡಿಗ್ರಿ ದಾಟಿದರೆ ರಕ್ಷಣೆಗಾಗಿ ಚಾರ್ಜಿಂಗ್ ನಿಲ್ಲಿಸಲ್ಪಡುವುದರಿಂದ, ಆ ಉಪಚಾರವೇ ಹೊಸ ಕಾಯಿಲೆಯಾಗುತ್ತದೆ.

ಟೈಪ್-ಸಿ ಚಾರ್ಜರಿನ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ಅದರಲ್ಲಿ ಫೋನ್ ಚಾರ್ಜ್ ಆದರೆ ಚಾರ್ಜರ್ ಸರಿಯಿದೆ ಎಂದು ತೀರ್ಮಾನಿಸಿಬಿಡುತ್ತೇವೆ. ಫೋನು 5 ಅಥವಾ 9 ವೋಲ್ಟಿನಲ್ಲೇ ತೃಪ್ತಿಪಟ್ಟುಕೊಳ್ಳಬಹುದು, ಲ್ಯಾಪ್‌ಟಾಪಿಗೆ ಹೆಚ್ಚಾಗಿ 20 ವೋಲ್ಟ್ ಬೇಕು, ಮತ್ತು ಆ 20 ವೋಲ್ಟ್ ಹೊರಬರುವುದು ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಕೇಬಲಿನ ಮೂಲಕ ತಮ್ಮಲ್ಲಿ ಒಪ್ಪಂದ ಮಾಡಿಕೊಂಡ ಮೇಲೆಯೇ. ಹೀಗಾಗಿ ಯಾವುದಕ್ಕೂ ಜೋಡಿಸದ ಟೈಪ್-ಸಿ ತುದಿಯಲ್ಲಿ ಮಲ್ಟಿಮೀಟರ್ ಸೊನ್ನೆ ತೋರಿಸಿದರೆ ಅದು ಕೆಟ್ಟಿದೆ ಎಂದರ್ಥವಲ್ಲ. ಇಲ್ಲಿ ನಂಬಬಹುದಾದ ಪರೀಕ್ಷೆಯೆಂದರೆ, ಅಷ್ಟೇ ವಾಟಿನ ಬೇರೊಂದು ಚಾರ್ಜರ್ ಮತ್ತು ಕೇಬಲ್ ಹಾಕಿ ನೋಡುವುದು.

ಚಾರ್ಜ್ ಶೇಕಡಾ 60ಕ್ಕೋ 80ಕ್ಕೋ ಬಂದು ನಿಂತರೆ ಅದು ಹೆಚ್ಚಾಗಿ ರೋಗವೂ ಅಲ್ಲ. ಬ್ಯಾಟರಿಯ ಆಯಸ್ಸು ಉಳಿಸಲು ಕಂಪನಿಯ ಸಾಫ್ಟ್‌ವೇರ್ ಹಾಕಿರುವ ಮಿತಿ. ಇನ್ನು ಪ್ಲಗ್ ತೆಗೆದು, ಆರಿಸಿದ ಯಂತ್ರದ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಮತ್ತೆ ಜೋಡಿಸಿದರೆ ಎದ್ದು ಕೂರುವ ಯಂತ್ರಗಳೂ ಉಂಟು. ಆದರೆ ಟಚ್‌ಪ್ಯಾಡ್ ಉಬ್ಬಿದ್ದರೆ, ಕೆಳಭಾಗ ಬಿರಿದಿದ್ದರೆ ಯಾವ ಪ್ರಯೋಗವೂ ಬೇಡ. ಊದಿದ ಬ್ಯಾಟರಿಗೆ ಬೆಂಕಿ ಹತ್ತಬಹುದಾದ್ದರಿಂದ ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು.

ರಿಪೇರಿಯವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಬೋರ್ಡಿನ ಮೇಲಿನ ಚಿಕ್ಕ ಭಾಗವೊಂದನ್ನು ಬದಲಿಸಿ ನೂರಿನ್ನೂರಕ್ಕೆ ಕೆಲಸ ಮುಗಿಸಿಕೊಡುವ ಹುಡುಗರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ನನ್ನ ಕೋರಿಕೆ ಇಷ್ಟೇ: ಮದರ್‌ಬೋರ್ಡ್ ಬದಲಿಸಬೇಕೆನ್ನುವ ಅಂಗಡಿಯವರು ಗ್ರಾಹಕರ ಎದುರಿಗೇ ಅಡಾಪ್ಟರನ್ನು ಪರೀಕ್ಷಿಸಿ, ದೋಷವೇನೆಂದು ರಸೀದಿಯ ಮೇಲೆ ಬರೆದುಕೊಡಲಿ. ಹಾಗೆ ಬರೆದದ್ದು ಕೈಯಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದಕ್ಕೂ ಆಧಾರವಿರುತ್ತದೆ. ಬಾಯಿಮಾತಿನ ‘ಬೋರ್ಡ್ ಹೋಗಿದೆ’ ಎಂಬುದನ್ನು ಹಿಡಿದು ಯಾರನ್ನು ಕೇಳುವುದು?

ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಿಗೂ ಒಂದು ವಿನಂತಿ. ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ಒಂದೆರಡು ಭಾನುವಾರ, ವಿದ್ಯಾರ್ಥಿಗಳು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಕೂತು ಊರಿನ ಅಡಾಪ್ಟರುಗಳನ್ನು ಪರೀಕ್ಷಿಸಿಕೊಡಬಹುದು. ಒಂದು ಮಲ್ಟಿಮೀಟರ್, ಸರಿಯಿರುವ 65 ವಾಟಿನ ಒಂದು ಟೈಪ್-ಸಿ ಚಾರ್ಜರ್ ಮತ್ತು ಕೇಬಲ್ ಇದ್ದರೆ ಶುರುಮಾಡಲು ಸಾಕು. ನನ್ನ ಸೋದರಳಿಯ ಬರಲು ಒಪ್ಪಿದ್ದಾನೆ. ಮಲ್ಟಿಮೀಟರ್ ಅವನದೇ ಇದೆ.

— ಓದುಗ, ತೀರ್ಥಹಳ್ಳಿ ತಾಲ್ಲೂಕು