ಆರ್ಕಿಟೆಕ್ಚರ್ ಸೀಟಿಗೆ ಸಾಲ: ಏಳನೇ ವರ್ಷದ ಕಂತನ್ನು ಈಗಲೇ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಸಿಇಟಿ ಆಪ್ಷನ್ ಎಂಟ್ರಿ ಹೊತ್ತಿಗೆ ಶಿರಸಿ, ಕುಮಟಾ, ಕಾರವಾರ ಕಡೆಯ ಮನೆಗಳಲ್ಲಿ ಬಿ.ಆರ್ಕ್ ಮಾತು ಬಂದರೆ ಮೊದಲ ಪ್ರಶ್ನೆ ‘ವರ್ಷದ ಫೀ ಎಷ್ಟು?’ ಎಂದೇ. ಇಂಜಿನಿಯರಿಂಗ್ ಲೆಕ್ಕವನ್ನೇ ಇದಕ್ಕೂ ಹಚ್ಚುತ್ತಾರೆ. ಇದು ಐದು ವರ್ಷದ ಕೋರ್ಸು, ಕ್ಯಾಂಪಸ್‌ಗೆ ಬಂದು ಕೆಲಸ ಕೊಡುವ ಕಂಪನಿಗಳೂ ಕಡಿಮೆ. ಹಾಗಾಗಿ ಸಾಲದ ಲೆಕ್ಕ ಬೇರೆಯೇ ಆಗುತ್ತದೆ.

ವರ್ಷಕ್ಕೆ 1.5 ಲಕ್ಷದಂತೆ ಐದು ವರ್ಷಕ್ಕೆ 7.5 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಸಾಲ ವರ್ಷ ವರ್ಷ 1.5 ಲಕ್ಷದಂತೆಯೇ ಬಿಡುಗಡೆಯಾಗುವುದರಿಂದ ಆರು ವರ್ಷಕ್ಕೆ ಅದೇ 3 ಲಕ್ಷ. ಮರುಪಾವತಿ ಶುರುವಾಗುವುದು 10.5 ಲಕ್ಷದಿಂದ: ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 13,880 ರೂಪಾಯಿ, ಹದಿನೈದು ವರ್ಷಕ್ಕಾದರೆ 11,280. ಎರಡನೆಯದು ಹಗುರ ಕಾಣುತ್ತದೆ, ಆದರೆ ಕಟ್ಟಿ ಮುಗಿಸುವಾಗ ಒಟ್ಟು 20 ಲಕ್ಷ ದಾಟಿರುತ್ತದೆ.

ಬಡ್ಡಿಯನ್ನು ಅಂದಂದೇ ಕಟ್ಟುತ್ತ ಹೋದರೆ? ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಹೀಗೆ ಏರಿ ಐದನೇ ವರ್ಷಕ್ಕೆ 6,250. ಕಂತು ಶುರುವಾಗುವ ತನಕ ಇದನ್ನು ನಡೆಸಿದರೆ ಅಸಲು 7.5 ಲಕ್ಷದಲ್ಲೇ ನಿಲ್ಲುತ್ತದೆ, ಹತ್ತು ವರ್ಷದ ಕಂತು 9,910ಕ್ಕೆ ಇಳಿಯುತ್ತದೆ. ಹೀಗೆ ಕಟ್ಟಿದವರಿಗೆ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಬಾಯಿಬಿಟ್ಟು ಕೇಳಬೇಕು. ಅಡಿಕೆ ಮನೆಯವರಿಗೆ ಕೈಗೆ ದುಡ್ಡು ಬರುವುದು ತಿಂಗಳು ತಿಂಗಳಲ್ಲ. ಕೊಯ್ಲು ಮುಗಿದು ಮಾರಾಟವಾದಾಗ ಇಡೀ ವರ್ಷದ ಬಡ್ಡಿ ಒಮ್ಮೆಗೇ ಕಟ್ಟಿದರೂ ಅಸಲು ಬೆಳೆಯುವುದಿಲ್ಲ.

7.5 ಲಕ್ಷ ಎಂದು ಸುಮ್ಮನೆ ಹೇಳಿದ್ದಲ್ಲ. ಅಲ್ಲಿಯವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯಿದೆ, ಅಡಮಾನ ಬೇಡ. ಮ್ಯಾನೇಜ್‌ಮೆಂಟ್ ಸೀಟಿನ ಆಸೆಗೆ ಅದನ್ನು ದಾಟಿದರೆ ತೋಟದ ಪಹಣಿ ಬ್ಯಾಂಕಿಗೆ ಹೋಗುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಕಾಲೇಜು ನಿಯಮಕ್ಕೆ ಹೊಂದಿದರೆ, ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ. ಆದಾಯ ಪ್ರಮಾಣಪತ್ರ ಹಿಡಿದು ಸಾಲ ಮಾಡುವಾಗಲೇ ವಿಚಾರಿಸಿ.

ಇನ್ನು ಫೀ ಪಟ್ಟಿಯಲ್ಲಿ ಕಾಣದ ಖರ್ಚು. ಗ್ರಾಫಿಕ್ಸ್ ಕಾರ್ಡಿರುವ ಲ್ಯಾಪ್‌ಟಾಪ್, ಪ್ರತಿ ಜ್ಯೂರಿಗೂ (ಪರೀಕ್ಷಕರ ಮುಂದೆ ವಿನ್ಯಾಸ ಮಂಡಿಸುವುದು) ದೊಡ್ಡ ಎ1 ಶೀಟುಗಳ ಪ್ರಿಂಟು, ಮಾಡೆಲ್‌ಗೆ ಮೌಂಟ್ ಬೋರ್ಡು, ಫೋಮ್ ಬೋರ್ಡು, ಸ್ಟಡಿ ಟೂರು. ಲ್ಯಾಪ್‌ಟಾಪಿಗೆ ಅರ್ಜಿಯ ಜೊತೆಗೇ ಕೊಟೇಶನ್ ಇಟ್ಟರೆ ಸಾಲದಲ್ಲಿ ಸೇರಿಸಬಹುದು. ಆಮೇಲೆ ನೆನಪಾದರೆ ಸೊಸೈಟಿಯಲ್ಲಿ ಬಂಗಾರ ಇಡುವುದೇ ದಾರಿ, ಆ ಸಾಲವನ್ನು ಯಾರೂ ಓದಿನ ಖರ್ಚಿಗೆ ಬರೆಯುವುದಿಲ್ಲ. ಟ್ರೈನಿಂಗ್ ಸೆಮಿಸ್ಟರ್‌ನ ಸ್ಟೈಪೆಂಡ್ ನಂಬಿ ಕೂರಬೇಡಿ, ಎಷ್ಟೋ ಸಲ ಅದು ರೂಮಿನ ಬಾಡಿಗೆಗೂ ಸಾಲದು. ಡಿಸೈನ್ ಸ್ಟುಡಿಯೋ ಎಂಬ ವಿನ್ಯಾಸದ ವಿಷಯವೊಂದು ಪಾಸಾಗದೆ ಬ್ಯಾಕ್ ಉಳಿದರೆ ಕೋರ್ಸು ಆರನೇ ವರ್ಷಕ್ಕೆ ಎಳೆಯುತ್ತದೆ. ಆಗ ಅವಧಿ ವಿಸ್ತರಿಸಲು ಬ್ಯಾಂಕಿಗೆ ಲಿಖಿತ ಅರ್ಜಿ ಕೊಡದಿದ್ದರೆ ಕೆಲಸ ಸಿಗುವ ಮೊದಲೇ ಕಂತು ಬಂದು ನಿಲ್ಲುತ್ತದೆ.

ಗಳಿಕೆಯ ಕಡೆ ಬನ್ನಿ. ಬೆಂಗಳೂರಿನ ಸಣ್ಣ ಕಚೇರಿಯಲ್ಲಿ ಮೊದಲ ಸಂಬಳ 22 ಸಾವಿರ ಎಂದುಕೊಂಡರೂ 13,880 ಕಟ್ಟಿ ಉಳಿಯುವುದು ಎಂಟು ಸಾವಿರ ಚಿಲ್ಲರೆ. ಪಿಜಿಗೆ ಅಷ್ಟೂ ಬೇಕು. ಸಂಬಳದ ಮೂರರಲ್ಲೊಂದು ಪಾಲಿಗಿಂತ ಕಂತು ಹೆಚ್ಚಾಗಬಾರದು ಎಂದಾದರೆ ಈ ಸಾಲಕ್ಕೆ ಸುಮಾರು 42 ಸಾವಿರದ ಸಂಬಳ ಬೇಕು. ರೆವಿಟ್ ತಂತ್ರಾಂಶ ಬಲ್ಲವರಿಗೆ, ಕಟ್ಟಡದ ಡಿಜಿಟಲ್ ಮಾದರಿ ಮಾಡಿಕೊಡುವ ಬಿಐಎಂ ಕಂಪನಿಗಳಲ್ಲಿ ತುಸು ಹೆಚ್ಚು ಸಿಗುತ್ತದೆ, ಅಲ್ಲಿ ವಿನ್ಯಾಸದ ಕೆಲಸ ಕಡಿಮೆ.

ಊರಿಗೆ ಬಂದು ಕಚೇರಿ ತೆರೆಯುವ ಕನಸಿಗೆ ತಾಳ್ಮೆ ಬೇಕು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಮಾತ್ರ, ಮನೆ ವಿನ್ಯಾಸ ಮಾಡದಂತೆ ಬೇರೆಯವರನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಡಿಪ್ಲೊಮಾ ಮಾಡಿದವರು ಚದರಡಿ ಲೆಕ್ಕದಲ್ಲಿ ಪ್ಲಾನು ಕೊಡುವಾಗ ಮಾಲೀಕ ಚೌಕಾಸಿ ಮಾಡದೆ ಬಿಡುವುದಿಲ್ಲ. ನಮ್ಮಲ್ಲಿ ಶುಲ್ಕ ಬರುವುದೂ ಹಂತ ಹಂತವಾಗಿ: ನಕ್ಷೆಗೆ ಸ್ವಲ್ಪ, ಪರವಾನಗಿ ಸಿಕ್ಕಾಗ ಸ್ವಲ್ಪ, ಸ್ಲ್ಯಾಬ್ ಬಿದ್ದ ಮೇಲೆ ಸ್ವಲ್ಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಯ ತೋಡುವವರಿಲ್ಲ, ಚಿರೆಕಲ್ಲಿನ ಲಾರಿ ಬರುವುದಿಲ್ಲ. ಬ್ಯಾಂಕಿನ ಕಂತಿಗೆ ಮಳೆಗಾಲದ ರಜೆ ಇಲ್ಲ.

ಸೀಟು ಒಪ್ಪುವ ಮುನ್ನ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಜಾಲತಾಣದಲ್ಲಿ ಕಾಲೇಜಿಗೆ ಆ ವರ್ಷದ ಅನುಮೋದನೆ ಇದೆಯೇ, ಎಷ್ಟು ಸೀಟಿಗೆ ಎಂದು ನೋಡಿ. ಮಾನ್ಯತೆಯಿಲ್ಲದ ಪದವಿಗೆ ಆರ್ಕಿಟೆಕ್ಟ್ ಆಗಿ ನೋಂದಣಿ ಸಿಗದು, ಸಾಲ ಮಾತ್ರ ಹಾಗೇ ಉಳಿಯುತ್ತದೆ.

ಜಿಲ್ಲೆಯ ಲೀಡ್ ಬ್ಯಾಂಕಿಗೆ ಒಂದು ವಿನಂತಿ: ಮಂಜೂರಾತಿ ಪತ್ರದ ಜೊತೆ, ಬಡ್ಡಿ ಕಟ್ಟಿದರೆ ಎಷ್ಟು ಕಂತು, ಕಟ್ಟದಿದ್ದರೆ ಎಷ್ಟು ಎಂಬ ಎರಡು ಸಾಲನ್ನು ಕನ್ನಡದಲ್ಲಿ ಮುದ್ರಿಸಿ, ಸಹಿ ಹಾಕುವ ತಂದೆ-ತಾಯಿಯ ಕೈಗೆ ಕೊಡಿ.

– ಓರ್ವ ವಾಸ್ತುಶಿಲ್ಪಿ, ಶಿರಸಿ