ಹೊಗೆ ನಿಂತ ಮೇಲೆ ಎದ್ದ ಮಹಡಿ: ಒಂದು ಕೃತಜ್ಞತೆ

ಕಳೆದ ವಾರ ನನ್ನ ಎಂ.ಟೆಕ್. ಪ್ರಬಂಧದ ಮೌಖಿಕ ಪರೀಕ್ಷೆ ಮುಗಿಯಿತು, ಪ್ರಬಂಧ ಅಂಗೀಕಾರವಾಯಿತು. ಹಾಸನದ ಕಟ್ಟಡ ವಿನ್ಯಾಸದ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿಕೊಂಡೇ ಓದಿದವನು ನಾನು. ನಡುವೆ ಅಮ್ಮನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ, ಹೆಚ್ಚುಕಡಿಮೆ ಒಂದು ವರ್ಷ ಪುಸ್ತಕ ಮುಟ್ಟಲಾಗಲಿಲ್ಲ. ಓದನ್ನು ಅಲ್ಲಿಗೇ ಬಿಟ್ಟುಬಿಡದಂತೆ ನನ್ನನ್ನು ಹಿಡಿದು ನಿಲ್ಲಿಸಿದವರಿಗೆ ನಾಲ್ಕು ಜನರ ಮುಂದೆ ಧನ್ಯವಾದ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ವಿಲಿಯಂ ವಿಲ್ಗಸ್ ಎಂಬ ರೈಲ್ವೆ ಎಂಜಿನಿಯರ್ ನ್ಯೂಯಾರ್ಕ್ ನಗರದ ನಡುಭಾಗವನ್ನು ರೂಪಿಸಿದ ಬಗೆ. 1865ರಲ್ಲಿ ಬಫಲೋ ಪಟ್ಟಣದಲ್ಲಿ ಹುಟ್ಟಿದ ವಿಲ್ಗಸ್ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಪದವಿ ಪಡೆದವರಲ್ಲ. ಒಬ್ಬ ಸ್ಥಳೀಯ ಎಂಜಿನಿಯರರ ಕೈಕೆಳಗೆ ಕೆಲಸ ಕಲಿತು, ನಕ್ಷೆ ಬರೆಯುವುದನ್ನು ಅಂಚೆ ಶಿಕ್ಷಣದಿಂದ ಕಲಿತವರು. ಈ ಸಂಗತಿಯನ್ನು ಮೊದಲ ಬಾರಿ ಓದಿದ ರಾತ್ರಿ ನನಗೆ ಬಂದ ಧೈರ್ಯವನ್ನು ಹೇಗೆ ಹೇಳಲಿ! ಅದಕ್ಕಾಗಿ ನನ್ನ ಮೊದಲ ನಮಸ್ಕಾರ ವಿಲ್ಗಸ್ ಅವರಿಗೇ.

1902ರ ಜನವರಿ 8ರ ಬೆಳಿಗ್ಗೆ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಎಂಬ ಬೀದಿಯಡಿಯ ರೈಲು ಸುರಂಗದಲ್ಲಿ ಹೊಗೆ ಮತ್ತು ಉಗಿ ಕವಿದು ಸಿಗ್ನಲ್ ಕಾಣದೆ, ನಿಂತಿದ್ದ ರೈಲಿಗೆ ಹಿಂದಿನಿಂದ ಬಂದ ರೈಲು ಡಿಕ್ಕಿ ಹೊಡೆದು 15 ಜನ ಸತ್ತರು. 1908ರ ಜುಲೈ 1ರಿಂದ ಆ ಸುರಂಗದ ಮಾರ್ಗದಲ್ಲಿ ಉಗಿಬಂಡಿ ಓಡಕೂಡದೆಂದು ಮರುವರ್ಷ ಕಾನೂನಾಯಿತು. ಅದಕ್ಕೂ ಮೊದಲೇ, 1902ರ ಡಿಸೆಂಬರಿನಲ್ಲಿ, ತಾವು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ಸೆಂಟ್ರಲ್ ರೈಲು ಕಂಪನಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ವಿಲ್ಗಸ್ ಇಡೀ ಯೋಜನೆಯನ್ನು ಮುಂದಿಟ್ಟಿದ್ದರು: ರೈಲುಗಳು ವಿದ್ಯುತ್ತಿನಿಂದ ಓಡಲಿ, ಹಳಿಗಳನ್ನು ನೆಲದಡಿಯಲ್ಲಿ ಎರಡು ಅಂತಸ್ತಿನಲ್ಲಿ ಹಾಸೋಣ, ಅವುಗಳ ಮೇಲಿನ ಬಯಲನ್ನು ಕಟ್ಟಡ ಕಟ್ಟುವವರಿಗೆ ಗುತ್ತಿಗೆ ಕೊಟ್ಟು ಆ ಬಾಡಿಗೆಯಿಂದ ಖರ್ಚು ತುಂಬಿಕೊಳ್ಳೋಣ.

ಈ ಮೂರು ಮಾತುಗಳ ನಡುವಿನ ಕೊಂಡಿ ನನಗೆ ಬಹಳ ದಿನ ಸಿಕ್ಕಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ಅಮ್ಮ. ಒಂದು ಸಂಜೆ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಮ್ಮನಿಗೆ ನಾನು ಈ ಯೋಜನೆಯನ್ನು ವಿವರಿಸುತ್ತಿದ್ದೆ. ಅವರು ಕೈ ನಿಲ್ಲಿಸಿ, "ಸೌದೆ ಒಲೆ ಇದ್ದಾಗ ನಮ್ಮ ಅಡುಗೆಮನೆ ಮೇಲೆ ಗವಾಕ್ಷಿ ಇತ್ತಲ್ಲ, ಗ್ಯಾಸ್ ಬಂದ ಮೇಲೆ ತಾನೇ ನಿಮ್ಮಪ್ಪ ಅದನ್ನ ಮುಚ್ಚಿ ಮೇಲೊಂದು ರೂಮು ಕಟ್ಟಿಸಿದ್ದು" ಎಂದರು. ಉಗಿಬಂಡಿಗೆ ತಲೆಯ ಮೇಲೆ ತೆರೆದ ಆಕಾಶ ಬೇಕು, ವಿದ್ಯುತ್ ರೈಲಿಗೆ ಬೇಡ. ಹೊಗೆ ನಿಂತಿತೆಂದರೆ ಹಳಿಯ ಮೇಲೆ ಸೂರು ಹಾಕಬಹುದು, ಆ ಸೂರಿನ ಮೇಲೆ ಬೀದಿಯನ್ನೂ ಮಹಡಿಗಳನ್ನೂ ಎಬ್ಬಿಸಬಹುದು. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ನಿಂತಿರುವುದು ಈ ಮಾತಿನ ಮೇಲೆಯೇ. ಈ ಯೋಜನೆಯಂತೆ ಕಟ್ಟಿದ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ 1913ರ ಫೆಬ್ರವರಿ 2ರಂದು ತೆರೆಯಿತು; ಅದರ ಉತ್ತರಕ್ಕಿದ್ದ ಮಸಿ ಹಿಡಿದ ರೈಲ್ವೆ ಅಂಗಳ ಮುಚ್ಚಿಹೋಗಿ, ಹಳಿಗಳು ಕಡಿದುಹಾಕಿದ್ದ ಅಡ್ಡರಸ್ತೆಗಳು ಮತ್ತೆ ಕೂಡಿಕೊಂಡು, ಪಾರ್ಕ್ ಅವೆನ್ಯೂ ನಗರದ ಅತ್ಯಂತ ಬೆಲೆಬಾಳುವ ಬೀದಿಗಳಲ್ಲಿ ಒಂದಾಯಿತು. 1931ರಲ್ಲಿ ತೆರೆದ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಕಂಬಗಳು ಇಂದಿಗೂ ಹಳಿಗಳ ನಡುವೆಯೇ ಇಳಿದಿವೆ. ವಿಲ್ಗಸ್ ಮಾತ್ರ 1907ರಲ್ಲೇ ರಾಜೀನಾಮೆ ಕೊಟ್ಟು ಹೊರಬಂದಿದ್ದರು. ನಿಲ್ದಾಣದ ಚೆಲುವಿಗಾಗಿ ವಾಸ್ತುಶಿಲ್ಪಿಗಳನ್ನು ನೆನೆಯುವವರು ಅದರಡಿಯ ಆಲೋಚನೆಗಾಗಿ ಇವರನ್ನೂ ನೆನೆಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನನ್ನ ಮಾರ್ಗದರ್ಶಕರು ಒಂದು ವರ್ಷದ ಮೌನದ ನಂತರವೂ ಏಕೆ ಬರಲಿಲ್ಲವೆಂದು ಕೇಳದೆ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮಾತ್ರ ಕೇಳಿದರು. ಕಚೇರಿಯ ಸಹೋದ್ಯೋಗಿಗಳು ನನ್ನ ಪಾಲಿನ ನಕ್ಷೆಗಳನ್ನು ಎಷ್ಟೋ ಸಲ ಹಂಚಿಕೊಂಡು ಮುಗಿಸಿದರು. ಹಾಸನಕ್ಕೆ ಇದರಿಂದ ಏನು ಉಪಯೋಗವೆಂದು ಕೇಳಿದ ಪರೀಕ್ಷಕರಿಗೂ ನಾನು ಋಣಿ, ಏಕೆಂದರೆ ಆ ಪ್ರಶ್ನೆ ನನ್ನನ್ನು ಪ್ರಾಮಾಣಿಕವಾಗಿ ಯೋಚಿಸುವಂತೆ ಮಾಡಿತು. ನಮ್ಮೂರಿನಲ್ಲಿ ಹಳಿಯ ಮೇಲೆ ಮಹಡಿ ಎಬ್ಬಿಸುವಷ್ಟು ಭೂಮಿಯ ಬೆಲೆಯಿಲ್ಲ. ಆದರೆ ರೈಲ್ವೆ ಗೇಟಿನ ಮುಂದೆ ಆಂಬುಲೆನ್ಸ್ ಕಾಯುವುದನ್ನು ನೋಡಿದ ಯಾರಿಗಾದರೂ, ಹಳಿ ಹಾಕುವವರೂ ಊರಿನ ನಕ್ಷೆ ಬರೆಯುವವರೂ ಒಂದೇ ಮೇಜಿನ ಮುಂದೆ ಕೂರಬೇಕೆಂಬುದು ಅರ್ಥವಾಗುತ್ತದೆ ಎಂದು ಉತ್ತರಿಸಿದೆ.

ಕೊನೆಯದಾಗಿ ನಮ್ಮ ದೊಡ್ಡಪ್ಪನವರಿಗೆ. ಅರಸೀಕೆರೆ ಮಾರ್ಗ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ಅವರು ಹಳಿ ದುರಸ್ತಿ ಮಾಡುವ ಗ್ಯಾಂಗ್‌ಮನ್ ಆಗಿದ್ದರು. ವಿಲ್ಗಸ್ ಯೋಜನೆಯಲ್ಲಿ ರೈಲಿಗೆ ಕರೆಂಟು ಕೊಡಲು ನೆಲಮಟ್ಟದಲ್ಲೇ ಮೂರನೆಯ ಹಳಿಯನ್ನು ಹಾಕಿದ್ದರೆಂದು ಓದಿ ಹೇಳಿದಾಗ ಅವರು ಗಾಬರಿಯಿಂದ, "ಹಾಗಾದ್ರೆ ಹಳಿ ಮೇಲೆ ಕೆಲಸ ಮಾಡೋರ ಗತಿ ಏನು?" ಎಂದು ಕೇಳಿದರು. ವಿಲ್ಗಸ್ ಮತ್ತು ವಿದ್ಯುತ್ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ ರೂಪಿಸಿದ ಹಳಿಯಲ್ಲಿ ಮೇಲ್ಭಾಗಕ್ಕೂ ಪಕ್ಕಗಳಿಗೂ ಹೊದಿಕೆಯಿತ್ತು, ರೈಲು ಅದರ ಅಡಿಭಾಗವನ್ನು ಮುಟ್ಟಿ ಕರೆಂಟು ತೆಗೆದುಕೊಳ್ಳುತ್ತಿತ್ತು ಎಂಬ ವಿವರವನ್ನು ನಾನು ಹುಡುಕಿದ್ದು ಅವರ ಆ ಪ್ರಶ್ನೆಗಾಗಿ. ಚಿತ್ರ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಹೊದಿಕೆಯ ಗೆರೆಯ ಮೇಲೆ ಬೆರಳಾಡಿಸಿ, "ಇವರು ನಮ್ಮಂಥವರನ್ನ ನೆನೆಸಿಕೊಂಡಿದ್ದಾರೆ" ಎಂದರು.